ಒಣಗದ ಕೆಂಪು

ಹಳೆಯ ಸಾಹಸ ಸಿನಿಮಾಗಳ ಪೋಸ್ಟರ್‌ಗಳನ್ನು ನಾನೂ ಕೂಡಿಡುತ್ತಿದ್ದೆ. ಆದರೆ ಮುಖವಾಡದ ವೀರ ಆಕಾಶದಲ್ಲಿ ಹಾರುವ ಮೂಲ ಚಿತ್ರ, ಪೇಂಟರ್ ಕೈಯಾರೆ ಬರೆದದ್ದು, ನನ್ನಂತೆಯೇ ಕೂಡಿಡುತ್ತಿದ್ದ ಬಸವಕಲ್ಯಾಣದ ಬಕ್ಕಪ್ಪನ ಗೋಡೆಯ ಮೇಲಿತ್ತು. ಅದನ್ನು ನೆನೆದರೆ ನನ್ನ ಹೊಟ್ಟೆ ಉರಿಯುತ್ತಿತ್ತು.

“ದೂರ ನಿಂತು ನೋಡು ತಮ್ಮಾ. ನಿನ್ನ ಹರಕು ಪೋಸ್ಟರ್ ಅಲ್ಲ ಇದು,” ಎನ್ನುತ್ತಿದ್ದ.

1979ರ ಒಂದು ಮಧ್ಯಾಹ್ನ ಅವನು ಚಹಾ ತರಲು ಒಳಗೆ ಹೋದಾಗ ಚಿತ್ರ ಸುತ್ತಿಕೊಂಡು ಹುಮನಾಬಾದ್ ಬಸ್ ಹತ್ತಿದೆ. ಇಪ್ಪತ್ತು ವರ್ಷ ಹಳೆಯದು, ಆದರೂ ದಾರಿಯುದ್ದಕ್ಕೂ ಹಸಿ ಬಣ್ಣದ ವಾಸನೆ. ಹಾಸ್ಟೆಲ್ ಕೋಣೆಯಲ್ಲಿ ಬಿಚ್ಚಿದಾಗ ವೀರನ ಅಂಗಿಯ ಕೆಂಪು ನನ್ನ ಹೆಬ್ಬೆರಳಿಗೆ ಹತ್ತಿತು. ಬೆರಳಿನ ಹಳೆಯ ಗಾಯದ ಗೆರೆಯೂ ಚಿತ್ರದ ಮೇಲೆ ಮೂಡಿತು.

ವಾರ ಕಳೆದರೂ ಬಕ್ಕಪ್ಪ ಚಿತ್ರ ಹುಡುಕಿಕೊಂಡು ಬರಲಿಲ್ಲ. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ನಾನೇ ಹೋದೆ. ಚಿತ್ರ ಅವನ ಗೋಡೆಯ ಮೇಲೇ ಇತ್ತು.

“ಬ್ಯಾಡಂದ್ರೂ ಯಾರೋ ಮುಟ್ಯಾರ ನೋಡು,” ಎಂದು ಕೆಂಪಿನ ಮೇಲಿದ್ದ ಹೆಬ್ಬೆರಳ ಗುರುತು ತೋರಿಸಿದ. ಗಾಯದ ಗೆರೆಯೂ ಅಲ್ಲಿತ್ತು. ಬಣ್ಣ ಒಣಗಿತ್ತು.

ನನ್ನ ಪೆಟ್ಟಿಗೆಯಲ್ಲಿರುವುದು ಇಂದಿಗೂ ಒಣಗಿಲ್ಲ.