ಕೊನೆಯ ಹೊಲಕ್ಕೆ ಮೊದಲ ನೀರು

ಬಹಳ ಹಿಂದೆ, ಮೋಡಗಳು ದಾರಿ ತಪ್ಪಿದರೆ ಮಾತ್ರ ಬರುತ್ತಿದ್ದ ಕರಿಗಲ್ಲು ಸೀಮೆಗೆ ಒಬ್ಬ ಅರಸನಿದ್ದ. ಅವನು ಗುಡ್ಡ ಕಡಿಸಿ, ದೂರದ ಹೊಳೆಯಿಂದ ಕಾಲುವೆ ತೋಡಿಸಿದ. ಕೆರೆ ಬತ್ತಿದ ಊರುಗಳ ಒಕ್ಕಲುಗಳನ್ನು ಕರೆತಂದು, ಕಾಲುವೆಯ ಉದ್ದಕ್ಕೂ ಹೊಲ ಹಂಚಿ ಹೇಳಿದ: "ಸುಗ್ಗಿಯ ಹೊತ್ತಿಗೆ ಹಸಿರು ಕಾಣದ ಹೊಲ ಮತ್ತೆ ಬೀಳು. ಒಕ್ಕಲು ಎದ್ದು ಹೋಗಬೇಕು."

ಆ ಕಾಲುವೆಯ ಅಡಿಯಲ್ಲಿ ಶೋಷನೆಂಬ ಮಾಂತ್ರಿಕನಿದ್ದ. ನೀರು ಕೊನೆಯ ಹೊಲ ಮುಟ್ಟುವ ಮೊದಲೇ ಯಾರಾದರೂ ತಮಗೆಂದು ಏರಿ ಕಡಿದರೆ, ಕಡಿದಲ್ಲಿ ಅವನ ಬಾಯಿ ತೆರೆಯುತ್ತಿತ್ತು. ನೀರೆಲ್ಲ ಪಾತಾಳಕ್ಕೆ ಇಳಿಯುತ್ತಿತ್ತು. ಕಡಿದವನು ಮೃಗವಾಗಿ ಅಲ್ಲೇ ಉಳಿಯುತ್ತಿದ್ದ.

ಬಿಟ್ಟುಬಂದ ಊರುಗಳಲ್ಲೆಲ್ಲ ಒಂದು ಕಟ್ಟಳೆ ಇತ್ತು: ಕೊನೆಯ ಹೊಲಕ್ಕೆ ಮೊದಲ ನೀರು, ಆಮೇಲೆ ಮೇಲಿನವಕ್ಕೆ. "ಅದು ಕೆರೆಯ ಕಟ್ಟಳೆ. ಇದು ಅರಸರ ಕಾಲುವೆ, ಇಲ್ಲಿ ನೀರಿಗೇನು ಬರ?" ಅಂದುಕೊಂಡು ಒಕ್ಕಲುಗಳು ಅದನ್ನು ಕೈಬಿಟ್ಟರು. ನೀರು ನಡೆಸಿಕೊಂಡು ಬರಲು ಹೋದ ಇಬ್ಬರು ನೀರುಗಂಟಿಗಳು ಹಿಂದಿರುಗಲಿಲ್ಲ.

ಮೂರನೆಯ ಸರದಿ ಕಾಟಯ್ಯನದು. ಅವನ ಹೊಲ ನಡುಗಾಲುವೆಯಲ್ಲಿತ್ತು. ಅವನೂ ಹೆಂಡತಿ ಸಿರಿಯಕ್ಕನೂ ಅದಕ್ಕೆ ಮೊದಲು ಎರಡು ಊರು ಬಿಟ್ಟು ಬಂದಿದ್ದರು.

"ಈ ಹೊಲವೂ ಹೋದರೆ ನಾನು ಇನ್ನೆಲ್ಲಿಗೂ ಬರಲ್ಲ," ಅಂದಳು ಸಿರಿಯಕ್ಕ. "ಈ ಏರಿ ಮೇಲೇ ಕೂತಿರ್ತೀನಿ."

"ಕೂತಿರು," ಅಂದ ಕಾಟಯ್ಯ. ಜಗಳ ಕಾಯಲು ಅವನಲ್ಲಿ ತ್ರಾಣವಿರಲಿಲ್ಲ.

ಕಾಲುವೆಯ ತಲೆಯಲ್ಲಿ ಎಮ್ಮೆಗಾತ್ರದ ಉಡವೊಂದು ತೂಬಿನ ಹಲಗೆಯನ್ನು ಕಚ್ಚಿ ಹಿಡಿದಿತ್ತು.

"ನಿನ್ನ ಹೊಲ ಎಲ್ಲೈತಪ್ಪಾ?" ಹಲ್ಲು ಸಡಿಲಿಸದೆ ಕೇಳಿತು.

"ನಡುವೆ."

"ಹಂಗಾದ್ರೆ ನಡುವೆ ಕಡೀತೀಯ. ನಂದು ಇಲ್ಲೇ ಇತ್ತು, ಇಲ್ಲೇ ಕಡಿದೆ. ನಿನಗೆ ನಡೆಯೋ ಕೆಲಸ ಜಾಸ್ತಿ, ಅಷ್ಟೇ."

"ಕಡಿದರೆ ಬಂದು ನಿನ್ನ ಪಕ್ಕದಲ್ಲೇ ಮಲಗ್ತೀನಿ. ಈಗ ಬಾಯಿ ಬಿಡು."

ಉಡಕ್ಕೂ ದವಡೆ ಸೋತಿತ್ತು. ಬಿಟ್ಟಿತು. ಅದು ಕಡಿದಿದ್ದ ಕಂಡಿಯನ್ನು ಮುಚ್ಚಿ, ಹಲಗೆ ಎತ್ತಿ, ಕಾಟಯ್ಯ ನೀರಿನ ಜೊತೆ ನಡೆದ.

ಮುಂದೆ ಕಬ್ಬಿಣದ ಕೊಕ್ಕಿನ ಕೊಕ್ಕರೆಯೊಂದು ಏರಿಯ ಕಂಡಿಯನ್ನು ಕುಕ್ಕಿ ದೊಡ್ಡದು ಮಾಡುತ್ತಿತ್ತು.

"ನನಗೆ ಅಂತ ಕಡಿದದ್ದಲ್ಲ, ನಮ್ಮಣ್ಣನ ಹೊಲಕ್ಕೆ," ಅಂದಿತು. "ಒಂದು ಕೊಡ ನೀರು. ಅದಕ್ಕೆ ಇಷ್ಟು ಶಿಕ್ಷೆನಾ?"

"ನಿಮ್ಮಣ್ಣನಿಂದ ಕೆಳಗಿನವರು ಯಾರಿಗೂ ಅಣ್ಣ ಅಲ್ವಾ?"

ಕೊಕ್ಕರೆ ಉತ್ತರಕ್ಕೆ ಕೊಕ್ಕೆತ್ತಿತು. ಕಾಟಯ್ಯ ಕಂಡಿಗೆ ಬೆನ್ನು ಕೊಟ್ಟು ಕೂತು, ಸುತ್ತ ಮಣ್ಣು ಮೆತ್ತಿದ. ಅದು ಹೆಗಲನ್ನು ಕುಕ್ಕಿತು. ಮಣ್ಣು ಬಿಗಿಯುವವರೆಗೂ ಅವನು ಏಳಲಿಲ್ಲ.

ಮೂರನೆಯ ಕಡೆ ಮೃಗವಿರಲಿಲ್ಲ. ಸಿರಿಯಕ್ಕ ಗುದ್ದಲಿ ಹಿಡಿದು ಏರಿಯ ಮೇಲೆ ಕೂತಿದ್ದಳು. ಹಿಂದೆ ರಾಗಿ ಪೈರು ಸುರುಟಿಕೊಂಡಿತ್ತು.

"ಒಂದೇ ಏಟು, ತಾಯಿ," ನೆಲದಡಿಯಿಂದ ಶೋಷ ಮೆಲ್ಲಗೆ ಹೇಳಿದ. "ನಿನ್ನ ಪೈರು ಉಳಿಯುತ್ತೆ."

ಕಾಟಯ್ಯ ಗುದ್ದಲಿ ಕಿತ್ತುಕೊಳ್ಳಲಿಲ್ಲ. "ಕಡಿದರೆ ಯಾವ ಮೃಗ ಆಗ್ತೀಯೋ," ಅಂದ.

"ಕತ್ತೆ. ಈಗ ಮಾತ್ರ ಇನ್ನೇನಾಗಿದೀನಿ?"

"ಕೊನೆ ಹೊಲ ಯಾರದು ಗೊತ್ತಾ?"

"ಹೊನ್ನಜ್ಜಿದು. ಅವಳೂ ಅವಳ ಏರಿ ಮೇಲೆ ಕೂತವಳೆ. ದಿನಾ ಇಲ್ಲಿಂದ ಕಾಣ್ತಾಳೆ." ಸಿರಿಯಕ್ಕ ಅತ್ತ ನೋಡಿದಳು. "ನೀರು ಅಲ್ಲಿಗೆ ಹೋಗಿ ನಮ್ಮ ಸರದಿ ಬರೋತನಕ ಪೈರು ಬದುಕುತ್ತಾ?"

"ಬದುಕಲ್ಲ."

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಸಿರಿಯಕ್ಕ ಎದ್ದು, ಕಾಲುವೆಗಿಳಿದು, ಅದೇ ಗುದ್ದಲಿಯಿಂದ ಹೂಳು ತೆಗೆಯುತ್ತ ನೀರಿನ ಮುಂದೆ ನಡೆದಳು.

ನೀರು ಹೊನ್ನಜ್ಜಿಯ ಹೊಲ ಮುಟ್ಟಿತು. ಬಾಯಿ ತೆರೆಯಲು ಒಂದು ಕಂಡಿಯೂ ಸಿಗದ ಶೋಷ ಬತ್ತಿದ ಕೆರೆಯಂಗಳದಂತೆ ಬಿರಿದು ಪುಡಿಯಾದ. ಉಡ, ಕೊಕ್ಕರೆಗಳು ಮನುಷ್ಯರಾಗಿ, ಕುಂಟುತ್ತ ತಮ್ಮ ಮನೆಗಳಿಗೆ ಹೋದರು.

ನೀರಿನ ಸರದಿ ಮೇಲಕ್ಕೆ ಬರುವಷ್ಟರಲ್ಲಿ ಕಾಟಯ್ಯನ ರಾಗಿ ಸತ್ತಿತ್ತು. ಇಬ್ಬರೂ ಅದನ್ನು ಉತ್ತು, ಹಸಿ ನೆಲಕ್ಕೆ ಹುರಳಿ ಚೆಲ್ಲಿದರು. ಸುಗ್ಗಿಗೆ ಅರಸನ ಕಡೆಯವರು ಬಂದು ನೋಡಿದರು. ಹೊಲ ಹಸಿರಾಗಿತ್ತು. ಸುಮ್ಮನೆ ಮುಂದೆ ಹೋದರು.

ಆ ಸೀಮೆಯಲ್ಲಿ ಮತ್ತೆ ಯಾರೂ ಊರು ಬಿಡಲಿಲ್ಲ. ಎಲ್ಲರೂ ಉಂಡು ಸುಖವಾಗಿದ್ದರು. ಆ ವರ್ಷವಿಡೀ ಸಿರಿಯಕ್ಕ ಹುರಳಿ ಸಾರನ್ನೇ ಬಡಿಸಿದಳು. ಕಾಟಯ್ಯ ಎರಡನೆಯ ಸಲವೂ ಹಾಕಿಸಿಕೊಂಡ.