ಎರಡನೆಯ ಒಪ್ಪಿಗೆ

ಅವರು ಬಂದದ್ದು ನನ್ನನ್ನು ತೆಗೆದುಹಾಕಲು. ನಮ್ಮ ಅತ್ತಿಗೆ ಮಾತ್ರ ಪ್ಯಾಂಟ್ ಹೊಲಿಸಲು ಬಂದವರೆಂದುಕೊಂಡು, ಟೇಪು ಹಿಡಿದು ಅಳತೆ ಶುರುಮಾಡಿಬಿಟ್ಟಿದ್ದರು.

"ಸೊಂಟ ಮೂವತ್ನಾಲ್ಕು. ಪ್ಲೀಟ್ ಇಡ್ಲಾ, ಬೇಡ್ವಾ?"

"ಅಯ್ಯೋ, ಪ್ಯಾಂಟಲ್ಲ ಮೇಡಂ. ಇಲ್ಲಿ ಪ್ಲಗಿನ್ ಬರೆಯೋರು ಒಬ್ರು ಇದಾರಲ್ಲ..."

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯೇ ನನ್ನ ಆಫೀಸು. ಪರದೆ ಸರಿಸಿ ಇಣುಕಿದೆ. ಎರಡೂ ಕೈ ಮೇಲೆತ್ತಿ, ಟೇಪಿನೊಳಗೆ ಸಿಕ್ಕಿಬಿದ್ದು ನಿಂತಿದ್ದ ಆ ಉದ್ದನೆಯ ಮನುಷ್ಯ ನನ್ನನ್ನು ಕಂಡು ಕಿವಿಯವರೆಗೂ ಕೆಂಪಾದರು. ಆರು ವರ್ಷ ಉಗುರಿನಷ್ಟು ಫೋಟೋದಲ್ಲಿ ನೋಡಿದ್ದ ಮುಖ. ಕೊಕ್ಕೆ ಸಾಹೇಬರು!

ಮುಖ ನೋಡಿರದಿದ್ದರೂ ಆ ಹೆಸರಿಟ್ಟದ್ದು ಅತ್ತಿಗೆಯೇ. ವೆಬ್‌ಸೈಟ್ ಕಟ್ಟುವ ನಮ್ಮ ಸಾಫ್ಟ್‌ವೇರ್ ಯಾರೊಬ್ಬರ ಸೊತ್ತಲ್ಲ. ಸಾವಿರಾರು ಜನ ಬಿಡುವಿನಲ್ಲಿ ಬರೆದದ್ದು, ಯಾರು ಬೇಕಾದರೂ ಬಳಸಬಹುದು. ಅದಕ್ಕೆ ಸೇರಿಸಿಕೊಳ್ಳುವ ಪುಟ್ಟ ತುಣುಕು ಪ್ಲಗಿನ್; ನಾನು ಬರೆದದ್ದು ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುತ್ತದೆ. ನಲವತ್ತು ಸಾವಿರ ಸೈಟುಗಳಲ್ಲಿದೆ. ನಮ್ಮಲ್ಲೊಂದು ಕಟ್ಟಳೆಯಿದೆ: ಒಬ್ಬರು ಮಾಡಿದ ಬದಲಾವಣೆಯನ್ನು ಇನ್ನೊಬ್ಬರು ಓದಿ 'ಒಪ್ಪಿಗೆ' ಒತ್ತುವವರೆಗೆ ಅದು ಒಳಗೆ ಹೋಗುವಂತಿಲ್ಲ. ಕಳೆದ ಆರು ವರ್ಷದಿಂದ ನನ್ನದನ್ನು ಓದುತ್ತಿದ್ದವರು ಇವರು. ಸಾಲಿಗೊಂದು ಕೊಕ್ಕೆ ಹಾಕುತ್ತಿದ್ದರು. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲಾಮೇಲೆ ಕೊಕ್ಕೆ ಬರಲಿ ಎಂದೇ ಬೇಕಂತ ಒಂದು ತಪ್ಪು ಬಿಡತೊಡಗಿದೆ. ಅವರಿಗೂ ಗೊತ್ತಾಗುತ್ತಿತ್ತು. "ಇವತ್ತಿನ ತಪ್ಪು ತುಂಬಾ ಸುಲಭದ್ದು. ಹುಷಾರಿಲ್ವಾ?" ಎಂದು ಒಮ್ಮೆ ಬರೆದಿದ್ದರು. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಕತ್ತರಿಸಿದ ಬಟ್ಟೆಯ ರಾಶಿ ಸರಿಸಿ ಸ್ಟೂಲು ಕೊಟ್ಟೆ.

"ಮೇಲ್ ಮಾಡ್ಬಹುದಿತ್ತಲ್ಲ?"

"ಮೇಲಲ್ಲಿ ಹೇಳೋ ಮಾತಲ್ಲ ಇದು."

ಸಾಫ್ಟ್‌ವೇರ್ ಎಲ್ಲರದು, ಆದರೆ ಪ್ಲಗಿನ್ ಹಂಚುವ ಸರ್ವರ್ ಅವರ ಕಂಪನಿಯದು. ನನಗೆ ಸಂಬಳ ಕೊಡುವುದು ಇನ್ನೊಂದು ಕಂಪನಿ. ಎರಡೂ ಈಗ ಕೋರ್ಟು ಹತ್ತಿವೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಆ ಕೂಸು ನನ್ನ ಪ್ಲಗಿನ್.

"ನಿಮ್ಮ ಕಂಪನಿಯೋರನ್ನೆಲ್ಲ ತೆಗೀಬೇಕಂತೆ. ಇವತ್ತು ಸಂಜೆ ಐದರೊಳಗೆ. ನಿಮ್ಮ ಹೆಸರು ತೆಗೆಯೋ ಬದಲಾವಣೆ ನಾನೇ ಬರೆದೆ. ಆದ್ರೆ..."

"ಇನ್ನೊಬ್ರು ಒಪ್ಪಬೇಕು."

"ಈ ಪ್ಲಗಿನ್‌ಗೆ ಇರೋದೇ ನಾವಿಬ್ರು."

ನನಗೆ ನಗು ಬಂತು. ನನ್ನ ಕತ್ತು ಕೊಯ್ಯಲು ನನ್ನದೇ ಒಪ್ಪಿಗೆ ಕೇಳಲು ಬಂದಿದ್ದರು ಪುಣ್ಯಾತ್ಮರು.

"ಒಪ್ಪದಿದ್ರೆ?"

"ಪ್ಲಗಿನ್ನನ್ನೇ ಸರ್ವರ್‌ನಿಂದ ಕಿತ್ತಾಕ್ತಾರೆ. ಹೊಸಬರಿಗೆ ಸಿಗಲ್ಲ, ಹಳಬರಿಗೆ ರಿಪೇರಿ ಇರಲ್ಲ. ಒಂದೊಂದೇ ಸೈಟಲ್ಲಿ ಓದೋದು ನಿಂತೋಗುತ್ತೆ."

"ನೀವೇ ಆಗಲ್ಲ ಅಂದ್ಬಿಟ್ರೆ?"

ಅವರು ನೆಲದ ಮೇಲಿದ್ದ ದಾರದ ತುಂಡನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. "ಅಪ್ಪಂಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಇನ್ಶೂರೆನ್ಸ್ ಕಂಪನೀದು. ಆದ್ರೂ ನೀವು ಬೇಡ ಅಂದ್ರೆ, ಕೆಲಸ ಬಿಡ್ತೀನಿ."

ಹಾಗೆ ಹೇಳಬಾರದಿತ್ತು. ಬೇಡ ಅನ್ನಬಹುದಾಗಿದ್ದ ನನ್ನ ಬಾಯಿಯನ್ನೇ ಕಟ್ಟಿಹಾಕಿದರು.

ಅವರು ತಂದಿದ್ದ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿಕೊಂಡು ಓದಿದೆ. ನನ್ನ ಹೆಸರಿದ್ದ ಸಾಲಿಗೆ ಕೆಂಪು ಬಳಿದಿತ್ತು. ಅದರ ಕೆಳಗಿನ ಸಾಲಿನಲ್ಲಿ ಏನೂ ಇರಲಿಲ್ಲ.

"ಹೊಣೆಗಾರರ ಜಾಗ ಖಾಲಿ ಬಿಟ್ಟಿದೀರಿ. ಈ ಸಲ ಕೊಕ್ಕೆ ನಂದು."

"ನಿಮ್ಮ ಹೆಸರಿದ್ದ ಕಡೆ ನನ್ನ ಹೆಸರು ಹೇಗೆ ಬರೀಲಿ? ಜನ ಕಳ್ಳ ಅಂತಾರೆ."

"ಅನ್ನಲಿ. ಖಾಲಿ ಬಿಟ್ರೆ ನಿಮ್ಮ ಬಾಸ್ ನಾಳೆ ಯಾರನ್ನೋ ತಂದು ಕೂರಿಸ್ತಾರೆ. ಬರೀರಿ."

"ನನ್ನ ನಂಬ್ತೀರಾ?"

"ನಿಮ್ಮ ಕಂಪನೀನ ಎಳ್ಳಷ್ಟೂ ನಂಬಲ್ಲ. ನಿಮ್ಮನ್ನ ನಂಬದೆ ಇರೋಕೆ ನನ್ನ ಕೈಲಿ ಆಗ್ತಿಲ್ಲ."

ತಲೆ ಎತ್ತಿ ನೋಡಿದರು. ಕೋಡಿನಲ್ಲಿ ತಪ್ಪು ಹುಡುಕುವ ಆ ಕಣ್ಣುಗಳು ನನ್ನ ಮುಖದ ಮೇಲೆ ಅಷ್ಟು ಹೊತ್ತು ನಿಂತರೆ ನಾನೆಲ್ಲಿ ನೋಡಬೇಕು? ಗುಂಡಿಗಳ ಡಬ್ಬಿ ನೋಡಿದೆ. ಅವರು ತಮ್ಮ ಹೆಸರು ಬರೆದರು.

ನಾನು ನನ್ನ ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತಿದೆ.

ಆಮೇಲೆ ಅದೇ ಪುಟ ಮತ್ತೆ ತೆರೆದರೆ, 'ನಿಮಗೆ ಅನುಮತಿ ಇಲ್ಲ' ಎಂದು ಬಂತು. ಒಂಬತ್ತು ವರ್ಷದ ಕೆಲಸ ಒಳಗೇ ಉಳಿಯಿತು. ಕೊಕ್ಕೆ ಹಾಕಿ ಅವರು ನನಗೆ ಬರೆದ ಅಷ್ಟೂ ಸಾಲುಗಳೂ ಒಳಗೇ ಉಳಿದವು. ಅಳಬಾರದೆಂದುಕೊಂಡಿದ್ದೆ, ಆಗಲಿಲ್ಲ.

"ನನ್ನ ಮೇಲೆ ಕೋಪಾನಾ?"

"ಕೋಪ ಬಂದಿದ್ರೆ ಚೆನ್ನಾಗಿರ್ತಿತ್ತು. ಪ್ರೀತಿ ಬಂದು ಕೂತಿದೆ. ಏನ್ ಮಾಡ್ಲಿ, ನೀವೇ ಹೇಳಿ."

ಅವರು ಲ್ಯಾಪ್‌ಟಾಪ್ ಮುಚ್ಚಿದರು. ನನ್ನ ಕೈ ತೆಗೆದುಕೊಂಡು ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡರು.

"ನಂಗೂ ಅದೇ ಕಾಯಿಲೆ," ಅಂದರು. "ಆದ್ರೆ ಇವತ್ತು ಐದರಿಂದ ಕೇಸ್ ಮುಗಿಯೋವರೆಗೂ ನಿಮ್ಮ ಕಂಪನಿಯೋರ ಜೊತೆ ಮಾತೇ ಆಡಬಾರದು ಅಂತ ನಮ್ಮ ಕೈಲಿ ಬರೆಸ್ಕೊಂಡಿದಾರೆ."

"ಎಷ್ಟು ದಿನ?"

"ಎರಡು ವರ್ಷ ಆಗ್ಬಹುದಂತೆ."

ಹೊರಗೆ ಅತ್ತಿಗೆಯ ಮೆಷಿನ್ನಿನ ಸದ್ದು ನಿಂತಿತ್ತು. ಕೇಳಿಸಿಕೊಳ್ಳುತ್ತಿದ್ದರು, ಇನ್ನೇನು!

ಐದಕ್ಕೆ ಐದು ನಿಮಿಷವಿರುವಾಗ ಅವರ ಬಾಸ್‌ನ ಫೋನ್ ಬಂತು. ಎರಡು ಸಲ ಬಿಟ್ಟು, ಮೂರನೇ ಸಲಕ್ಕೆ ಎತ್ತಿದರು.

"ಆಯ್ತು ಸರ್. ತೆಗೆದುಹಾಕಿದೀನಿ. ಇಲ್ಲ ಸರ್, ಇನ್ಮೇಲೆ ಅವರ ಜೊತೆ ಯಾವ ಸಂಬಂಧಾನೂ ಇಲ್ಲ."

ಹಾಗೆ ಹೇಳಿ ಮುಗಿಸುವವರೆಗೂ ಅವರು ನನ್ನ ಕೈ ಬಿಡಲಿಲ್ಲ.