ನಾಗುವಿನ ಹೆಸರಲ್ಲಿ ಒಂದು ಹನಿ

ಬೇಲೆಕೇರಿಯ ಧಕ್ಕೆಗೆ ಬಂದ ಬೋಟಿನಿಂದ ಮೊದಲು ಇಳಿಸಿದ್ದು ನಾಗುವಿನ ಹೆಣ. ಮೂಗಿನ ಕೆಳಗೆ ರಕ್ತ ಹೆಪ್ಪುಗಟ್ಟಿತ್ತು.

"ಗಂಗಕ್ಕನೇ ಕೊಂದಳು!" ಹೆಂಡತಿ ಚಂಪಾ ಎದೆ ಬಡಿದುಕೊಂಡಳು. "ಮಷೀನು ಹಿಡಿದು ಡೆಂಗಿ ಇಲ್ಲ, ಹೋಗಲಿ ಅಂದವಳು ಅವಳೇ!"

ಅಂಕೋಲಾದ ಎಸ್‌ಐ ರೂಪಾಲಿ ದೂರು ಬರೆದುಕೊಂಡಳು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಇದು ಮೊದಲ ಟ್ರಿಪ್ಪು. ಊರಲ್ಲಿ ಡೆಂಗಿ. ಜ್ವರವಿದ್ದವರು ಬೋಟು ಹತ್ತುವಂತಿರಲಿಲ್ಲ. ಆಶಾ ಕಾರ್ಯಕರ್ತೆ ಗಂಗೆ ಅಂಗೈಯಗಲದ ಯಂತ್ರ ಹಿಡಿದು ಮನೆಮನೆ ಸುತ್ತಿದ್ದಳು. ಒಂದು ಹನಿ ರಕ್ತ ಹಾಕಿದರೆ ಕಾಲು ಗಂಟೆಯಲ್ಲಿ ಉತ್ತರ.

"ಅವನಿಗೆ ಹುಷಾರಿಲ್ಲದ್ದು ನಿನಗೆ ಕಾಣಲಿಲ್ಲವಾ?" ರೂಪಾಲಿ ಬೋಟು ನಡೆಸುವ ತಾಂಡೇಲ ಮಂಗೇಶನನ್ನು ಕೇಳಿದಳು.

"ಮಷೀನೇ ಡೆಂಗಿ ಇಲ್ಲ ಅಂತು. ನಾ ಎಂತ ಡಾಕ್ಟ್ರಾ ಮೇಡಮ್? ನಂಗೆ ಗೊತ್ತಿರೋದು ಬಂಗಡೆ ಕಿವಿರು ನೋಡೋದಷ್ಟೇ."

*

ಕಾರವಾರದ ಪ್ರಯೋಗಾಲಯದಲ್ಲಿ ಡಾಕ್ಟರ್ ವಿಕಾಸ ತಲೆಯಾಡಿಸಿದರು.

"ಡೆಂಗಿಯೇ. ರಕ್ತದ ತುಂಬ ವೈರಸ್."

"ಹಾಗಾದರೆ ಯಂತ್ರ ಕೆಟ್ಟಿದೆ."

"ನೀವು ತಂದ ಗಂಗೆಯ ಯಂತ್ರಕ್ಕೇ ಈ ರಕ್ತ ಹಾಕಿ ನೋಡಿದೆ. ಸರಿಯಾಗಿಯೇ ಹೇಳುತ್ತದೆ. ಇಲ್ಲಿ ನೋಡಿ, ಇದು ಎರಡು ಸಂಗತಿ ಹಿಡಿಯುತ್ತದೆ. ಈಗ ವೈರಸ್ ಇದೆಯಾ? ಹಿಂದೆ ಎಂದಾದರೂ ಡೆಂಗಿ ಬಂದಿತ್ತಾ? ಯಂತ್ರದಲ್ಲಿ ಉಳಿದ ದಾಖಲೆ ನೋಡಿದರೆ, ನಾಗುವಿನ ಹೆಸರಲ್ಲಿ ಆವತ್ತು ಹಾಕಿದ ರಕ್ತದಲ್ಲಿ ವೈರಸ್ ಇಲ್ಲ, ಹಳೇ ಡೆಂಗಿಯ ಗುರುತಿದೆ. ಅಷ್ಟು ಬೇಗ ಅಳಿಯುವ ಗುರುತಲ್ಲ ಅದು; ನಾಗುವಿನ ದೇಹದಲ್ಲಿ ಅದು ಇಲ್ಲವೇ ಇಲ್ಲ."

ರೂಪಾಲಿಗೆ ಹೊಳೆಯಿತು. ಆವತ್ತಿನ ರಕ್ತ ನಾಗುವಿನದಲ್ಲ.

*

"ಗಂಗಕ್ಕ, ನಾಗುವಿನ ಬೆರಳು ಚುಚ್ಚಿದ್ದು ನೀವೇನಾ?"

ಗಂಗೆ ಸೆರಗು ಬಾಯಿಗಿಟ್ಟುಕೊಂಡಳು. "ಮಲಗಿದ್ದಾರೆ, ನಾನೇ ಚುಚ್ಚಿ ತರ್ತೆ ಅಂದಳು ಚಂಪಾ. ಇನ್ನೂ ಎಷ್ಟೋ ಮನೆ ಬಾಕಿ. ಸೂಜಿ, ಸ್ಟ್ರಿಪ್ಪು ಬಾಗಿಲಲ್ಲೇ ಕೊಟ್ಟೆ. ಹೇಳಿದರೆ ಕೆಲಸ ಹೋಗ್ತದೆ ಅಂತ ಸುಮ್ಮನಿದ್ದೆ."

*

"ಹೋದ ವರ್ಷ ಮಳೆಗಾಲದಲ್ಲಿ ನಿನಗೆ ಡೆಂಗಿ ಬಂದಿತ್ತು ಅಂತ ಗಂಗಕ್ಕನ ಪುಸ್ತಕದಲ್ಲಿದೆಯಲ್ಲ, ಚಂಪಾ?"

ಚಂಪಾಳ ಅಳು ನಿಂತಿತು.

"ಮನೆಯಲ್ಲಿದ್ದವರು ನೀವಿಬ್ಬರೇ. ರಕ್ತ ಅವನದಲ್ಲ. ಬಾಗಿಲ ಹಿಂದೆ ನೀನು ಚುಚ್ಚಿದ್ದು ನಿನ್ನದೇ ಬೆರಳು. ನಿನಗೆ ಡೆಂಗಿ ಇಲ್ಲ ಎಂದಿತು ಯಂತ್ರ. ನಿಜವನ್ನೇ ಹೇಳಿತು."

"ಮೊದಲ ಟ್ರಿಪ್ಪು ತಪ್ಪಿಸಿದವನ ಜಾಗಕ್ಕೆ ಮಂಗೇಶಣ್ಣ ಬೇರೆಯವರನ್ನ ಹಾಕ್ತಾನೆ, ಮೇಡಮ್. ಆಮೇಲೆ ವರ್ಷವಿಡೀ ದಡದಲ್ಲೇ. ಇವರೇ ಕೈ ಮುಗಿದರು. ಸಮುದ್ರದ ಗಾಳಿಗೆ ಜ್ವರ ಇಳೀತದೆ, ನಿನ್ನ ಬೆರಳು ಕೊಡು ಅಂದರು. ಕೊಟ್ಟೆ."

"ಮತ್ತೆ ಗಂಗಕ್ಕನ ಮೇಲೆ ದೂರು ಎಂತಕ್ಕೆ?"

ಚಂಪಾ ಕಣ್ಣೊರೆಸಿಕೊಂಡಳು.

"ಮಷೀನು ಕೆಟ್ಟಿತ್ತು ಅಂತ ನೀವು ಹೇಳ್ತೀರಿ ಅಂದುಕೊಂಡೆ. ಪೊಲೀಸರು ಹೇಳಿದ್ದರೆ ನಾನೂ ನಂಬ್ತಿದ್ದೆ."